ಅಕ್ಕನ ‘ಹ್ಞೂಂ’

ಜನವರಿ ೧೨, ಸೋಮವಾರ

ಈ ನೋಟ್‌ಬುಕ್ಕು ನಿಜವಾಗಿ ಅಕ್ಕನದು. ದಿನಾ ಏನು ತಿಂದಳು, ತಿಂದ ಮೇಲೆ ಹೊಟ್ಟೆ ಏನೆಂದಿತು ಎಂದು ಬರೆದಿಡಲು ಡಾಕ್ಟರಮ್ಮ ಹೇಳಿದ್ದರು. ಅಕ್ಕ ದೊಡ್ಡ ಹಾಳೆಯೊಂದಕ್ಕೆ ಗೆರೆ ಎಳೆದು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಳು. “ಇದನ್ನ ನೀನಿಟ್ಕೋ. ನನ್ನ ಮೇಲೆ ಕೂಗಾಡೋ ಬದಲು ಇದರೊಳಗೆ ಕೂಗಾಡು” ಎಂದು ಪುಸ್ತಕವನ್ನು ನನ್ನ ಕಡೆ ತಳ್ಳಿದಳು. ಸರಿ, ಕೂಗಾಡುತ್ತೇನೆ.

ಗೋಧಿ ತಿನ್ನಬಾರದಂತೆ! ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೇಳು, ನನಗೆ ಹದಿನಾಲ್ಕು. ಒಂದೇ ಒಂದು ಓವನ್ ಇಟ್ಟುಕೊಂಡು ಈ ಬೇಕರಿ ಶುರು ಮಾಡಿದಳು. ಮೂವತ್ತನಾಲ್ಕು ವರ್ಷ ಮೈದಾ ನಾದಿ ನನ್ನನ್ನು ಸಾಕಿದಳು, ಓದಿಸಲು ನೋಡಿದಳು, ಓದು ತಲೆಗೆ ಹತ್ತದಿದ್ದಾಗ ಕೆಲಸ ಕಲಿಸಿದಳು, ಮದುವೆ ಮಾಡಿಸಿದಳು. ಮದುವೆ ಅನ್ನುವುದನ್ನು ತಾನು ಮಾತ್ರ ಮರೆತೇಬಿಟ್ಟಳು. ಅಂಥವಳಿಗೆ ಈ ಅರವತ್ತೊಂದರಲ್ಲಿ ಗೋಧಿ ವಿಷ ಅಂದರೆ ನಂಬಲು ನಾನೇನು ಕಿವಿಗೆ ಹೂ ಇಟ್ಟುಕೊಂಡಿದ್ದೇನೆಯೇ?

ಆದರೆ ರಿಪೋರ್ಟು ಕೈಯಲ್ಲೇ ಇದೆ. ವರ್ಷದಿಂದ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೋದ ತಿಂಗಳು ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು. ತೂಕ ಮೂವತ್ತೆಂಟು ಕಿಲೋ. ನಮ್ಮಲ್ಲಿ ಹಿಟ್ಟಿನ ಮೂಟೆ ಇದಕ್ಕಿಂತ ಭಾರ ಇರುತ್ತದೆ. ಸೀಲಿಯಾಕ್ ಅಂತೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ತಗುಲಿದರೆ ಕರುಳಿನ ಒಳಗೋಡೆ ಸವೆದುಹೋಗುತ್ತದಂತೆ.

“ಔಷಧಿ?” ಎಂದೆ.

“ಬಿಡೋದೇ ಔಷಧಿ” ಎಂದರು ಡಾಕ್ಟರಮ್ಮ.

“ಹಬ್ಬಕ್ಕೋ ಹುಣ್ಣಿಮೆಗೋ ಒಂದು ಚೂರು?”

“ಚೂರೂ ಇಲ್ಲ. ಬ್ರೆಡ್ ಮುರಿದಾಗ ಮೇಜಿನ ಮೇಲೆ ಬೀಳುತ್ತಲ್ಲ ಪುಡಿ, ಅದೂ ಇಲ್ಲ. ಮೇಲೆ ಮನೇಲಿರಲಿ, ಆದ್ರೆ ಕೆಳಗೆ ಬೇಕರಿಗೆ ಇಳೀಬಾರದು. ಆ ಹಿಟ್ಟಿನ ಧೂಳು ಬಾಯಿಗೆ ಹೋಗುತ್ತೆ. ಆರು ತಿಂಗಳಿಗೆ ಮತ್ತೆ ರಕ್ತ ನೋಡೋಣ. ಅಷ್ಟರಲ್ಲಿ ಕರುಳು ಚೇತರಿಸಿಕೊಳ್ಳದೇ ಇದ್ರೆ ಕಷ್ಟ.”

ನಾನು ಡಾಕ್ಟರಮ್ಮನ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ಅಕ್ಕ ನನ್ನ ಮೊಣಕಾಲು ಅದುಮಿ ತಾನು ಕೇಳಿದಳು: “ಗೋಧಿ ಬಿಟ್ಟು ಬ್ರೆಡ್ಡನ್ನ ಯಾವುದರಲ್ಲಿ ಮಾಡ್ತಾರೆ, ಡಾಕ್ಟ್ರೇ?” ಅಷ್ಟೇ. ಬೇರೆ ಏನೂ ಕೇಳಲಿಲ್ಲ.

ಜನವರಿ ೧೫, ಗುರುವಾರ

ಇಂದು ಮಧ್ಯಾಹ್ನ ಅಂಗಡಿ ಖಾಲಿ ಇದೆ, ಬರೆಯುತ್ತಿದ್ದೇನೆ. ಬೆಳಿಗ್ಗೆ ಶಟರ್ ಎತ್ತುವುದು ಅರ್ಧ ಗಂಟೆ ತಡವಾಯಿತು.

ನಮ್ಮಲ್ಲಿ ಒಂದು ಕ್ರಮವಿದೆ. ಓವನ್ನಿನಿಂದ ಮೊದಲು ಹೊರಬಂದ ಬನ್ನನ್ನು ಅಕ್ಕ ಎರಡು ಹೋಳು ಮಾಡುತ್ತಾಳೆ, ಮೂಗಿನ ಹತ್ತಿರ ಹಿಡಿಯುತ್ತಾಳೆ, ಕಚ್ಚುತ್ತಾಳೆ, “ಹ್ಞೂಂ” ಎನ್ನುತ್ತಾಳೆ. ಆಮೇಲೆ ಶಟರ್ ಏಳುತ್ತದೆ. ‘ಹ್ಞೂಂ’ ಬರದ ದಿನ ಆ ಟ್ರೇ ಮಾರಾಟಕ್ಕಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಸರ್ಟಿಫಿಕೇಟು ಅಂದರೆ ಅದೊಂದೇ.

ಇವತ್ತು ನಾನೇ ಮುರಿದು ತಿಂದೆ. ಬಾಯಲ್ಲಿ ಬನ್ನು ಇದೆ, ‘ಹ್ಞೂಂ’ ಮಾತ್ರ ಹೊರಡುತ್ತಿಲ್ಲ. ಬೀದಿಗೆ ಇಳಿದು ಮೇಲಿನ ಕಿಟಕಿಯ ಕಡೆ ಮುಖ ಮಾಡಿ ಕೂಗಿದೆ. ಅಕ್ಕ ಕಿಟಕಿಯ ಕಟ್ಟೆಗೆ ಮೊಣಕೈ ಊರಿ ನಿಂತಳು.

“ಚೆನ್ನಾಗಿದೆ ಅಕ್ಕಾ.”

“ಚೆನ್ನಾಗಿದೆ ಅಂದ್ರೆ? ನಿನ್ನ ಮದುವೆ ಫೋಟೋನೂ ಚೆನ್ನಾಗಿದೆ ಅಂದಿದ್ದೆ ನೀನು. ಮುರಿದಾಗ ಸದ್ದು ಬಂತಾ? ಒಳಗೆ ಎಳೆ ಎಳೆಯಾಗಿ ಬಿಡ್ತಾ, ಮುದ್ದೆಯಾಗಿದೆಯಾ?”

ಗಮನಿಸಿರಲಿಲ್ಲ. ಇನ್ನೊಂದು ಮುರಿಯಬೇಕಾಯಿತು.

ಅಕ್ಕನ ಏಪ್ರನ್ ಇನ್ನೂ ಗೂಟದಲ್ಲೇ ನೇತಾಡುತ್ತಿದೆ, ಎಡಜೇಬು ಉಬ್ಬಿಕೊಂಡೇ ಇದೆ. ಆ ಜೇಬು ಅವಳದೇ ಉಪಾಯ. ಬೆಣ್ಣೆ ಸವರಿದ ಅಚ್ಚಿಗೆ ಉದುರಿಸುವ ಹಿಟ್ಟಿಗೆಂದು ಪ್ರತಿಸಲವೂ ಡಬ್ಬಿಯ ತನಕ ನಡೆದರೆ ದಿನಕ್ಕೆ ಒಂದು ಮೈಲಿಯಾಗುತ್ತದೆ ಎಂದು ಎಲ್ಲ ಏಪ್ರನ್ನಿಗೂ ಎಡಗಡೆ ಜೇಬು ಹೊಲಿದಳು. ಒಗೆದ ಏಪ್ರನ್ನನ್ನು ಗೂಟಕ್ಕೆ ಹಾಕುವಾಗಲೇ ಜೇಬಿಗೆ ಒಂದು ಹಿಡಿ ಮೈದಾ ಹಾಕಿಡಬೇಕು. ಅವಳದನ್ನು ಖಾಲಿ ಮಾಡಲು ನನಗೆ ಮನಸ್ಸು ಬರಲಿಲ್ಲ.

ಜನವರಿ ೨೭, ಮಂಗಳವಾರ

ನನ್ನ ಮನೆಗೆ ನಾನೇ ಕಳ್ಳನ ಹಾಗೆ ಹೋಗಬೇಕಾಗಿದೆ. ಮೆಟ್ಟಿಲ ಬುಡದಲ್ಲಿ ಅಂಗಿ ಬಿಚ್ಚಬೇಕು, ತಲೆ ಕೊಡವಬೇಕು, ನಲ್ಲಿಯಲ್ಲಿ ಮೊಣಕೈವರೆಗೆ ತೊಳೆಯಬೇಕು, ಬೇರೆ ಅಂಗಿ ತೊಟ್ಟು ಹತ್ತಬೇಕು. ಇವಳು ಪಹರೆ ನಿಂತಿರುತ್ತಾಳೆ. ಇವಳು ಅಂದರೆ ನನ್ನ ಹೆಂಡತಿ. “ಕಿವಿ ಹಿಂದೆ ರೀ, ಕಿವಿ ಹಿಂದೆ!”

ಮೇಲಿನ ಅಡುಗೆಮನೆಯಿಂದ ಲಟ್ಟಣಿಗೆ ಹೋಯಿತು, ಮರದ ಸೌಟುಗಳು ಹೋದವು, ಜರಡಿ ಹೋಯಿತು. ಮರದ ಗೀರುಗಳಲ್ಲಿ, ಜರಡಿಯ ಕಣ್ಣುಗಳಲ್ಲಿ ಹಳೆ ಹಿಟ್ಟು ಕೂತಿರುತ್ತದಂತೆ. ಜರಡಿಗಾಗಿ ನಾನು ಸ್ವಲ್ಪ ಜಗಳವಾಡಿದೆ. ಸೋತೆ.

ಅಕ್ಕ ಭೂತಗನ್ನಡಿ ಹಿಡಿದು ಪ್ರತಿ ಪೊಟ್ಟಣದ ಹಿಂಬದಿ ಓದುತ್ತಿದ್ದಾಳೆ. ಇಂದು ಬೇಕಿಂಗ್ ಪೌಡರಿನ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು. ಇರುವೆ ಸಾಲಿನಂಥ ಅಕ್ಷರದಲ್ಲಿ ಗೋಧಿ ಪಿಷ್ಟ ಎಂದಿದೆ. ಇಷ್ಟು ವರ್ಷ ಅದೇ ಡಬ್ಬಿ ತರುತ್ತಿದ್ದೇನೆ, ಒಂದು ದಿನವೂ ತಿರುಗಿಸಿ ನೋಡಿದವನಲ್ಲ. ಮೂರನೇ ಅಂಗಡಿಯಲ್ಲಿ ಜೋಳದ ಪಿಷ್ಟ ಹಾಕಿದ್ದು ಸಿಕ್ಕಿತಂತೆ. ಮೂವತ್ತೆಂಟು ಕಿಲೋ ಹೆಂಗಸು ಮೂರು ಅಂಗಡಿ ಸುತ್ತಿ, ನಿಂತೇ ಓದಿ, ಬೇಡದ್ದನ್ನು ವಾಪಸ್ ಶೆಲ್ಫಿನಲ್ಲಿಟ್ಟು ಬಂದಿದ್ದಾಳೆ. ಕೂಗಾಡಲು ಈ ಪುಸ್ತಕ ತೆಗೆದೆ, ಈಗ ಯಾರ ಮೇಲೆ ಕೂಗಾಡುವುದೋ ತಿಳಿಯುತ್ತಿಲ್ಲ.

ಫೆಬ್ರವರಿ ೮, ಭಾನುವಾರ

ಅಂಗಡಿಗೆ ರಜ. ಜೋಳ ಆರಿಸುವ ಕೆಲಸ.

ಅಕ್ಕಿ, ಜೋಳ, ಸಿರಿಧಾನ್ಯ ಎಲ್ಲ ಹುಟ್ಟಿನಿಂದ ನಿರಪರಾಧಿಗಳೇ. ಸಹವಾಸದಿಂದ ಕೆಡುತ್ತವೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿ ಬೀಸುತ್ತಾರೆ. ಅಕ್ಕ ಗಿರಣಿಯವನ ಹತ್ತಿರ ಹೋಗಿ ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತು. “ಏನಮ್ಮಾ, ನನ್ನ ಗಿರಣಿ ಕೊಳಕು ಅಂತೀರಾ?”

“ಕೊಳಕಲ್ಲಪ್ಪಾ, ಗೋಧಿ. ಕೊಳಕಾದ್ರೆ ತೊಳೆದು ತಿಂತಿದ್ದೆ.”

ಈಗ ಮನೆಗೇ ಪುಟ್ಟ ಬೀಸುವ ಯಂತ್ರ ಬಂದಿದೆ. ಮೂಲೆಯ ಕಾಳಿನಂಗಡಿಯಾಕೆ, ಗೋಧಿ ಬೆಳೆಯದ ಹೊಲದ ಜೋಳವನ್ನು ಹೊಸ ಚೀಲದಲ್ಲಿ ಬೇರೆಯಾಗಿ ತರಿಸಿಕೊಡುತ್ತಾಳೆ. ಅದನ್ನೂ ಅಕ್ಕ ನಂಬುವುದಿಲ್ಲ. ಸ್ಟೀಲ್ ತಟ್ಟೆಯಲ್ಲಿ ಹಿಡಿ ಹಿಡಿಯಾಗಿ ಹರಡಿ ಒಂದೊಂದೇ ಕಾಳು ದೂಡುತ್ತಾಳೆ. ಹೋದ ಸಲದ ಅಂಗಡಿಯ ಒಂದು ಕಿಲೋದಲ್ಲಿ ಹದಿಮೂರು ಗೋಧಿ ಕಾಳು ಸಿಕ್ಕಿದ್ದವು. ಅವನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಕಿಟಕಿಯಲ್ಲಿಟ್ಟಿದ್ದಾಳೆ. ಜೈಲಂತೆ.

ನಾನು ಸುಮ್ಮನೆ ದೀಪ ಹಿಡಿಯಲು ಕೂತವನು. ಎರಡು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಕೊನೆಯ ಹಿಡಿಯಲ್ಲಿ ಒಂದು ಗೋಧಿ ಕಂಡದ್ದು ನನಗೆ. “ಸಿಕ್ಕಿಬಿದ್ದ!” ಎಂದು ನಾನು ಕೂಗಿದ್ದಕ್ಕೆ ಇವಳು ಒಳಗಿನಿಂದ ಓಡಿಬಂದಳು.

ಫೆಬ್ರವರಿ ೧೨, ಗುರುವಾರ

ಮೇಲಿನ ಅಡುಗೆಮನೆಗೆ ತಂದ ಹೊಸ ಪುಟ್ಟ ಓವನ್ನಿನಲ್ಲಿ ಅಕ್ಕನ ಮೊದಲ ಬ್ರೆಡ್ಡು. ಶಟರ್ ಜಾರದಂತೆ ಕಲ್ಲಿನ ಬದಲು ಒತ್ತಿಡಲು ಉಪಯೋಗಕ್ಕೆ ಬರುತ್ತದೆ. ಹಾಗೆಂದು ಅವಳ ಮುಂದೆಯೇ ಹೇಳಿದೆ. “ಇಟ್ಕೋ, ಎರಡನೇದೂ ಬರ್ತಿದೆ” ಎಂದಳು.

ಫೆಬ್ರವರಿ ೨೬, ಗುರುವಾರ

ಐದನೆಯದು ಪರವಾಗಿಲ್ಲ, ಇಟ್ಟಿಗೆಯಿಂದ ಹೆಂಚಿಗೆ ಇಳಿದಿದೆ.

ಗೋಧಿಯ ಹಿಟ್ಟಿಗೆ ಎಳೆ ಕಟ್ಟುವುದೇ ಗ್ಲುಟೆನ್. ಅದಿಲ್ಲದ ಹಿಟ್ಟು ಉಬ್ಬಿದರೂ ಹಿಡಿದುಕೊಳ್ಳುವವರಿಲ್ಲದೆ ಕುಸಿಯುತ್ತದೆ. ಆ ಕೆಲಸಕ್ಕೆ ಇಸಬ್‌ಗೋಲ್ ಹೊಟ್ಟು ಆಗುತ್ತದೆ ಎಂದು ಎಲ್ಲಿಂದಲೋ ಪತ್ತೆ ಮಾಡಿದ್ದಾಳೆ. ನೀರಿಗೆ ಹಾಕಿದರೆ ಲೋಳೆ ಕಟ್ಟುತ್ತದೆ. ತರಲು ನಾನೇ ಹೋಗಬೇಕು. ಔಷಧಿ ಅಂಗಡಿಯವರು ಈ ವಾರ ಮೂರನೇ ಪೊಟ್ಟಣ ಕೊಡುತ್ತಾ ಮೆಲ್ಲಗೆ ಬಗ್ಗಿ ಕೇಳಿದರು: “ಮನೇಲಿ ಎಲ್ಲರಿಗೂ ಕಟ್ಟಿಕೊಂಡಿದೆಯಾ ಸಾರ್?” ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ಕರುಣೆಯಿಂದ ನೋಡಿದರು. ಅಕ್ಕನಿಗೆ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು, ಈ ಸಲ ನೋವಿನಿಂದಲ್ಲ.

ಈ ಹಿಟ್ಟನ್ನು ನಾದುವಂತಿಲ್ಲ, ಸೌಟಿನಲ್ಲಿ ತಿರುವುವುದು. ನಾದದ ಬ್ರೆಡ್ಡು ಬ್ರೆಡ್ಡೇ? ನನ್ನ ಕೈ ಸುಮ್ಮನಿರುವುದಿಲ್ಲ, ಅವಳು ನೋಡದಿದ್ದಾಗ ಒಂದೆರಡು ಗುದ್ದು ಕೊಟ್ಟೆ. ಅದಕ್ಕೇ ಕುಸಿಯಿತು ಅನ್ನುತ್ತಾಳೆ.

ಮಾರ್ಚ್ ೫, ಗುರುವಾರ

ಎಂಟನೆಯದು ಓವನ್ನಿನ ಗಾಜಿನ ಹಿಂದೆ ಚೆನ್ನಾಗಿ ಎದ್ದಿತ್ತು. ಹೊರಗೆ ತೆಗೆಯುತ್ತಲೇ ನಮ್ಮ ಕಣ್ಣೆದುರೇ ಇಳಿದುಹೋಯಿತು. ಅಕ್ಕ ಅತ್ತಳು. ನಾನು ನೋಡದವನ ಹಾಗೆ ಕೆಳಗಿಳಿದು ಬಂದೆ. ತೂಕ ಮೂವತ್ತೊಂಬತ್ತೂವರೆ, ಅದೊಂದೇ ಸಮಾಧಾನ.

ಮಾರ್ಚ್ ೨೨, ಭಾನುವಾರ

ಬಂತು! ಹನ್ನೊಂದನೆಯದು!

ಈ ದಿನವನ್ನು ಸರಿಯಾಗಿ ಬರೆದಿಡಬೇಕು. ಅಕ್ಕಿ ಹಿಟ್ಟು ಎರಡು ಪಾಲು, ಜೋಳ ಒಂದು, ಸಬ್ಬಕ್ಕಿ ಪುಡಿ ಒಂದು, ಮೊಟ್ಟೆ, ಯೀಸ್ಟ್, ನೆನೆಸಿದ ಹೊಟ್ಟು. ಬೆಳಿಗ್ಗೆ ಅಕ್ಕ ತಾನಾಗಿಯೇ “ಬಾರೋ, ಇವತ್ತು ನನ್ನ ಜೊತೆ ನಿಂತ್ಕೋ” ಎಂದಳು. ನಾನು ಸ್ನಾನ ಮಾಡಿ, ಉಗುರು ತೆಗೆದು, ಹೊಸ ಅಂಗಿ ತೊಟ್ಟು ನಿಂತೆ. ಏಪ್ರನ್ ಇಲ್ಲದೆ ನನ್ನ ಕೈ ಓಡುವುದಿಲ್ಲ. ನಿನ್ನೆ ಒಗೆದು ಗೂಟಕ್ಕೆ ಹಾಕಿದ್ದನ್ನು ತಂದು ಕಟ್ಟಿಕೊಂಡೆ. ಇವಳು ಕಿವಿ ಹಿಂದೆಯೂ ನೋಡಿ ಪಾಸು ಮಾಡಿದಳು.

ಅಕ್ಕ ಒಲೆಯ ಕಡೆ ತಿರುಗಿ ಲೋಳೆ ತಿರುವುತ್ತಿದ್ದಳು. ಅಚ್ಚು ನನ್ನ ಪಾಲಿಗೆ. ಬೆಣ್ಣೆ ಸವರಿ, ಒಂದು ಚಿಟಿಕೆ ಹಿಟ್ಟು ಉದುರಿಸಿ, ಬುಡಕ್ಕೆ ಎರಡು ತಟ್ಟು ತಟ್ಟಿ, ಅವಳು ಕಲಿಸಿದ ಹಾಗೆಯೇ ಮಾಡಿ ಕೊಟ್ಟೆ. ಹಿಂತಿರುಗಿ ನೋಡದೆಯೇ, “ಆ ತಟ್ಟೋ ಸದ್ದು ಕೇಳಿದ್ರೆ ಸಾಕು, ನನ್ನ ಕೈಕೆಳಗೆ ಕಲಿತವನು ಅಂತ ಗೊತ್ತಾಗುತ್ತೆ” ಎಂದಳು. ನಲವತ್ತೆಂಟು ವರ್ಷದವನಿಗೆ ಕಿವಿ ಬಿಸಿಯಾಯಿತು.

ಎದ್ದಿತು. ಇಳಿಯಲಿಲ್ಲ. ಪೂರ್ತಿ ಆರುವ ತನಕ ಮುಟ್ಟಬಾರದೆಂದು ಮೂವರೂ ಅದರ ಸುತ್ತ ಕೂತೆವು. ಹೆರಿಗೆ ಆಸ್ಪತ್ರೆಯಲ್ಲಿ ಕಾಯುವವರ ಹಾಗಿದ್ದೆವು. ಆಮೇಲೆ ಅಕ್ಕ ಕೊಯ್ದಳು. ಎರಡು ಹೋಳು ತಿಂದಳು, ಮೂರನೆಯದಕ್ಕೆ ಕೈ ಹಾಕಿದಳು. ತಿಂಗಳುಗಳಿಂದ ಅವಳು ಏನನ್ನಾದರೂ ಎರಡನೇ ಸಲ ಬೇಕೆಂದದ್ದು ನಾನು ಕಂಡಿರಲಿಲ್ಲ. ಇಂಥ ಹೆಂಗಸು ನನ್ನ ಅಕ್ಕ ಎಂದು ಬೀದಿಯಲ್ಲಿ ನಿಂತು ಹೇಳಬೇಕೆನಿಸಿತು.

ಮಾರ್ಚ್ ೨೩, ಸೋಮವಾರ

ನಿನ್ನೆ ಸಂಜೆಯಿಂದಲೇ ವಾಂತಿ, ಹೊಟ್ಟೆನೋವು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಾಳೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ ೨೫, ಬುಧವಾರ

ತೂಕ ಮೂವತ್ತೆಂಟಕ್ಕೆ ಬಂದು ನಿಂತಿದೆ.

ಎಲ್ಲೋ ಗೋಧಿ ಸೇರಿದೆ ಎಂದರು ಡಾಕ್ಟರಮ್ಮ. ಅಕ್ಕ ಎದ್ದು ಕೂರುವ ಶಕ್ತಿ ಬಂದೊಡನೆ ಪ್ರತಿ ಡಬ್ಬಿಯನ್ನೂ ಮತ್ತೆ ಓದಿದಳು, ಏನೂ ಸಿಗಲಿಲ್ಲ. ಉಳಿದದ್ದು ಜೋಳ ಒಂದೇ. “ನಾನೇ ಆರಿಸಿದ್ದು. ನನ್ನ ಕಣ್ಣೇ ಸರಿಯಿಲ್ಲ” ಎಂದಳು. ಚೀಲ ಪೂರ್ತಿ ಪಾರಿವಾಳಗಳಿಗೆ ಹಾಕಿಸಿದಳು. ಬೀರುವಿನ ಬಾಗಿಲಿನ ಹಾಳೆ ಕಿತ್ತಳು.

“ಸಾಕು. ಇನ್ನು ನಾನು ಬೇಯಿಸೋದಿಲ್ಲ. ಅನ್ನ, ತರಕಾರಿ, ಅಷ್ಟೇ. ಕೆಲಸ ಮಾಡೋಕೆ ಕಣ್ಣೂ ಇಲ್ಲ, ಕೈಯೂ ಇಲ್ಲ.”

ಅಕ್ಕನ ಬಾಯಲ್ಲಿ ‘ಸಾಕು’ ಎಂಬ ಮಾತು ನಾನು ಮೊದಲ ಸಲ ಕೇಳಿದ್ದು. ಬೆಳಿಗ್ಗೆ ಬನ್ನು ಮುರಿದು ಕೂಗಿದರೆ ಕಿಟಕಿ ತೆರೆಯಲಿಲ್ಲ.

ಸಿಟ್ಟು ತಡೆಯದೆ ಕಾಳಿನಂಗಡಿಗೆ ಹೋಗಿ ಆಕೆಗೆ ನಾಲ್ಕು ಜನರೆದುರು ಬೈದು ಬಂದೆ. “ಹೊಸ ಚೀಲ ಅಣ್ಣಾ, ನನ್ನ ಕೈಯಾರೆ ಹೊಲಿದದ್ದು” ಎಂದಳು. ಕೇಳಿಸಿಕೊಳ್ಳಲಿಲ್ಲ ನಾನು.

ಮಾರ್ಚ್ ೨೭, ಶುಕ್ರವಾರ

ಹನ್ನೊಂದನೆಯದರ ಅಳತೆ ಈ ಪುಸ್ತಕದಲ್ಲಿದೆಯಲ್ಲ, ಅಕ್ಕನಿಗೆ ಓದಿ ಹೇಳಿ ಹುರಿದುಂಬಿಸೋಣ ಎಂದು ಭಾನುವಾರದ ಪುಟ ತೆಗೆದೆ.

‘ಒಂದು ಚಿಟಿಕೆ ಹಿಟ್ಟು ಉದುರಿಸಿ.’

ಯಾವ ಹಿಟ್ಟು?

ಅಕ್ಕ ಅದಕ್ಕೆಂದೇ ಬಟ್ಟಲಲ್ಲಿ ಅಕ್ಕಿ ಹಿಟ್ಟು ಇಟ್ಟಿದ್ದಳು. ಆ ಬಟ್ಟಲು ನನ್ನ ಬಲಗಡೆ ಇತ್ತು. ನನ್ನ ಕೈ ಹೋದದ್ದು ಎಡಕ್ಕೆ.

ಗೂಟದ ಹತ್ತಿರ ಹೋಗಿ ಆ ಏಪ್ರನ್ನಿನ ಜೇಬಿಗೆ ಕೈ ಹಾಕಿದೆ. ಶನಿವಾರ ಒಗೆದದ್ದೂ ನಾನೇ, ಗೂಟಕ್ಕೆ ಹಾಕುವಾಗ ಹಿಡಿ ಮೈದಾ ತುಂಬಿದ್ದೂ ನಾನೇ. ಮೂವತ್ತನಾಲ್ಕು ವರ್ಷದಿಂದ ತುಂಬುತ್ತಿದ್ದೇನೆ, ತುಂಬಿದ್ದು ನೆನಪಿನಲ್ಲೂ ಉಳಿಯುವುದಿಲ್ಲ.

ನಾನು. ಕಾಳಲ್ಲ, ಕಾಳಿನಂಗಡಿಯಾಕೆಯಲ್ಲ, ಅಕ್ಕನ ಕಣ್ಣಲ್ಲ. ನಾನು.

ಮಾರ್ಚ್ ೨೮, ಶನಿವಾರ

ಹೇಳಲಿಲ್ಲ. ಬೆಳಿಗ್ಗೆ ಹೇಳಬೇಕೆಂದು ಮೆಟ್ಟಿಲು ಹತ್ತಿದೆ, ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು, ಇಳಿದು ಬಂದೆ. ಮಧ್ಯಾಹ್ನ ಹತ್ತಿದೆ, “ಜೋಳ ಆರಿಸೋ ತಟ್ಟೆನೂ ಯಾರಿಗಾದ್ರೂ ಕೊಟ್ಬಿಡು” ಎಂದಳು. ತಟ್ಟೆ ಹಿಡಿದುಕೊಂಡು ಇಳಿದು ಬಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇಡೀ ದಿನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಹೇಳದೆ ಇದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಅನ್ನ ತಿಂದುಕೊಂಡು ಬದುಕುತ್ತಾಳೆ. ಆದರೆ ತನ್ನ ಕೈ ಕೆಟ್ಟಿತು ಎಂದುಕೊಂಡೇ ಬದುಕುತ್ತಾಳೆ. ಅಷ್ಟು ಬರೆದ ಮೇಲೆ ಇನ್ನೇನು ಉಳಿಯಿತು? ನಾಳೆ ಹೇಳುತ್ತೇನೆ.

ಮಾರ್ಚ್ ೨೯, ಭಾನುವಾರ

ಹೇಳಿದೆ.

“ಅಕ್ಕಾ, ಆ ಜೋಳದಲ್ಲಿ ಏನೂ ಇರ್ಲಿಲ್ಲ. ನಾನು ಮಾಡಿದ್ದು.” ಈ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟೆ. ಉಳಿದ ಪುಟವನ್ನು ಅಂಗೈಯಿಂದ ಮುಚ್ಚಿಕೊಂಡೆ, ಅಲ್ಲಿ ಅವಳನ್ನು ಹೊಗಳಿದ್ದೇನೆ, ಓದಿದರೆ ತಲೆ ಮೇಲೆ ಕೂರುತ್ತಾಳೆ.

ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಇಷ್ಟು ಸಣ್ಣ ಸಾಲನ್ನು ಅಷ್ಟು ಹೊತ್ತು ಓದಲು ಏನಿತ್ತೋ.

“ಏಪ್ರನ್ ಜೇಬಾ?”

“ಹ್ಞಾಂ.”

“ಯಾವಾಗ ಗೊತ್ತಾಯ್ತು?”

“ಶುಕ್ರವಾರ.”

“ಇವತ್ತು ಭಾನುವಾರ.” ಅವಳ ದನಿ ಗಟ್ಟಿಯಾಯಿತು. “ಎರಡು ದಿನ ನಾನು ನನ್ನ ಕಣ್ಣನ್ನ ಬೈಕೊಂಡು ಬಿದ್ದಿದ್ನಲ್ಲೋ. ಹೊಟ್ಟೆ ನೋವಾಗಿದ್ದು ಹೋಗ್ಲಿ. ಇದನ್ನ ಹೇಳೋಕೆ ಎರಡು ದಿನ ಬೇಕಾ ನಿನಗೆ?”

ಬಾಗಿಲಲ್ಲಿ ನಿಂತಿದ್ದ ಇವಳು ಸೆರಗಿನಿಂದ ಮೂಗೊರೆಸಿಕೊಂಡು, “ಅವತ್ತು ಕಿವಿ ಹಿಂದೆ ನೋಡಿದೆ, ಜೇಬು ನೋಡ್ಲಿಲ್ಲ ಅಕ್ಕಾ. ನನ್ನದೂ ತಪ್ಪೇ” ಎಂದಳು.

ಅಕ್ಕ ಅವಳನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ಆ ಜೇಬು ಹೊಲಿದು ಕೊಟ್ಟವಳು ನಾನು. ಹಿಟ್ಟು ಉದುರಿಸೋದು ಮರೆತ್ರೆ ನಿನ್ನ ಬೆರಳ ಗೆಣ್ಣಿಗೆ ಹೊಡೀತಿದ್ದವಳೂ ನಾನೇ. ಏನೇ ಹೇಳಿಕೊಟ್ರೂ ತಲೆಗೆ ಹತ್ತಲ್ಲ ಅಂತಿದ್ನಲ್ಲ ನಿನಗೆ! ಹತ್ತಿದ್ದು ಇದೊಂದು ಪಾಠ ನೋಡು.” ಹಾಗೆನ್ನುತ್ತಲೇ ಅವಳು ಹೊದಿಕೆ ಸರಿಸಿ ಎದ್ದು ಕೂತಳು. ಮುಖ ಬೇರೆಯೇ ಆಗಿತ್ತು. “ಇರು, ಇರು. ಅಂದ್ರೆ ನನ್ನ ಜೋಳ ಸರಿಯಿತ್ತು. ನನ್ನ ಕಣ್ಣು ಸರಿಯಿತ್ತು. ಅಂದ್ರೆ ಹನ್ನೊಂದನೇದು ಸರಿಯಾಗೇ ಬಂದಿತ್ತು ಕಣೋ!”

ನಾನು ಬೈಗುಳಕ್ಕೆ ತಯಾರಾಗಿ ಬಂದವನು. ಅವಳು ಹರಿದ ಹಾಳೆಯ ತುಂಡುಗಳನ್ನು ಕಸದ ಬುಟ್ಟಿಯಿಂದ ತೆಗೆದು ಅಂಟು ಹಚ್ಚಲು ಕೂತಳು.

ಮಾರ್ಚ್ ೩೦, ಸೋಮವಾರ

ಕಾಳಿನಂಗಡಿಗೆ ಹೋಗಿ, ಅಂದು ಬೈದಾಗ ಯಾರು ಯಾರು ಇದ್ದರೋ ಅವರೇ ಇರುವ ಹೊತ್ತು ನೋಡಿ, ತಪ್ಪು ನನ್ನದೆಂದು ಹೇಳಿದೆ. ಆಕೆ ಬಹಳ ಹೊತ್ತು ತಕ್ಕಡಿಯನ್ನೇ ಒರೆಸಿದಳು. ಕಡೆಗೆ, “ಅಕ್ಕನಿಗೆ ಮತ್ತೆ ಜೋಳ ಬೇಕಾ?” ಎಂದಳು. ಬೇಕು ಎಂದೆ. ನನ್ನ ಕೈಗೆ ಚೀಲ ಕೊಡಲಿಲ್ಲ. “ನೀವು ಮುಟ್ಟಬೇಡಿ ಅಣ್ಣಾ, ನಾನೇ ತಂದು ಕೊಡ್ತೀನಿ.” ಸರಿಯಾಗಿಯೇ ಹೇಳಿದಳು.

ಏಪ್ರಿಲ್ ೧೯, ಭಾನುವಾರ

ಇವಳು ನನಗೆ ಹೊಸ ಏಪ್ರನ್ ಹೊಲಿದಿದ್ದಾಳೆ, ಮೇಲಿನ ಅಡುಗೆಮನೆಗೆ ಮಾತ್ರ, ಜೇಬಿಲ್ಲದ್ದು. ಅಕ್ಕ ನನ್ನ ಮುಂದೆ ಹತ್ತು ಖಾಲಿ ಅಚ್ಚು ಇಟ್ಟಳು. ಬೆಣ್ಣೆ ಸವರು, ಬಲಗಡೆ ಬಟ್ಟಲಿಂದ ಅಕ್ಕಿ ಹಿಟ್ಟು ಉದುರಿಸು, ತಟ್ಟು. ತೊಳೆ. ಮತ್ತೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹತ್ತರಲ್ಲಿ ಆರು ಸಲ ನನ್ನ ಕೈ ಎಡಕ್ಕೇ ಹೋಗಿ ಬರೀ ಬಟ್ಟೆ ಸವರಿ ವಾಪಸ್ ಬಂತು. ಪ್ರತಿ ಸಲವೂ ಸೌಟಿನಿಂದ ಬೆರಳ ಗೆಣ್ಣಿಗೆ ಒಂದು ಏಟು. ಹದಿನಾಲ್ಕನೇ ವಯಸ್ಸಿನ ಏಟಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ, ಕೈ ಮಾತ್ರ ಅವಳದು ಹಗುರವಾಗಿದೆ.

ಹದಿನಾಲ್ಕನೆಯದು ಚೆನ್ನಾಗಿ ಬಂತು. ತಿಂದು ನಾಲ್ಕು ದಿನವಾಗಿದೆ, ಹೊಟ್ಟೆ ಸುಮ್ಮನಿದೆ.

ಜೂನ್ ೫, ಶುಕ್ರವಾರ

ಬೆಳಿಗ್ಗೆ ಕಿಟಕಿಯ ಕೆಳಗೆ ನಿಂತು ಹೇಳಿದೆ: ಮೇಲ್ಪದರ ಮುರಿದಾಗ ಒಣಗಿದ ಎಲೆಯ ಸದ್ದು ಬಂತು, ಒಳಗಿನ ಎಳೆ ಒಂದು ಬೆರಳುದ್ದ ಜಗ್ಗಿ ಆಮೇಲೆ ಕಡಿಯಿತು, ಬುಡ ಮಾತ್ರ ಒಂದು ಛಾಯೆ ಕಪ್ಪು, ಹಿಂದಿನ ಮೂಲೆಯ ಟ್ರೇಗಳದ್ದಷ್ಟೇ, ವಾಸನೆಯಲ್ಲಿ ಹುಳಿ ಒಂಚೂರು ಮುಂದಿದೆ, ಸೆಕೆಗೆ ಬೇಗ ಉಬ್ಬಿರಬೇಕು, ನಾಳೆ ಯೀಸ್ಟ್ ಇಳಿಸುತ್ತೇನೆ. ಅಕ್ಕ ಏನೂ ಕೇಳಲಿಲ್ಲ. ಕೇಳಲು ಯಾಕೋ ಅವಳಿಗೆ ಉತ್ಸಾಹವಿರಲಿಲ್ಲ ಎಂದು ಕಾಣುತ್ತದೆ. ಸುಮ್ಮನೆ ನನ್ನನ್ನೇ ನೋಡಿಕೊಂಡು ನಿಂತಿದ್ದು, “ಶಟರ್ ಎತ್ತು” ಎಂದಳು.

ಬಿಸ್ಕತ್ತು ಕೊಳ್ಳಲು ಬಂದಿದ್ದ ಬಸ್ ಕಂಡಕ್ಟರ್ ಒಬ್ಬರಿಗೆ ನಾನು ಪೊಟ್ಟಣದ ಹಿಂದಿನ ಅಕ್ಷರ ಓದಿ ಹೇಳಿದೆನಂತೆ. ಅವರು ಕೇಳಿಯೇ ಇರಲಿಲ್ಲ ಎಂದು ಇವಳು ನಗುತ್ತಾಳೆ. ನನಗೆ ಹೇಳಿದ್ದೂ ನೆನಪಿಲ್ಲ.

ಜುಲೈ ೧೩, ಸೋಮವಾರ

ರಕ್ತದ ರಿಪೋರ್ಟು ಬಂತು. ಗೋಧಿ ಕರುಳನ್ನು ಎಷ್ಟು ಕಾಡುತ್ತಿದೆ ಎಂದು ತೋರಿಸುವ ಅಂಕಿ, ನೂರರ ಮೇಲಿದ್ದದ್ದು ಇಪ್ಪತ್ತೆರಡಕ್ಕೆ ಇಳಿದಿದೆ. ತೂಕ ನಲವತ್ತನಾಲ್ಕು. ಡಾಕ್ಟರಮ್ಮ ಕನ್ನಡಕ ತೆಗೆದು, “ಇಷ್ಟು ಕಟ್ಟುನಿಟ್ಟಾಗಿ ಮಾಡಿದವರು ಕಡಿಮೆ. ಹೇಗೆ ಮಾಡಿದ್ರಿ?” ಎಂದರು.

“ಮನೇಲಿ ಒಬ್ಬ ಕಳ್ಳ ಇದ್ದ, ಅವನನ್ನೇ ಕಾವಲಿಗೆ ಹಾಕಿದೆ” ಎಂದಳು ಅಕ್ಕ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ನಿದ್ದೆ ಹೋದಳು. ನಾನು ನೋಡಿಕೊಂಡು ಬಂದೆ. ಅರವತ್ತೊಂದರಲ್ಲಿ ಅ ಆ ಇ ಈಯಿಂದ ಮತ್ತೆ ಶುರು ಮಾಡಿದವಳು. ನಾನಾಗಿದ್ದರೆ ಅನ್ನ ತಿಂದುಕೊಂಡು ಬಿದ್ದಿರುತ್ತಿದ್ದೆ.

ಜುಲೈ ೧೪, ಮಂಗಳವಾರ

ಬೆಳಿಗ್ಗೆ ನಾನು ಬನ್ನು ಮುರಿಯುವ ಮುಂಚೆಯೇ ಮೇಲಿಂದ ಕರೆ ಬಂತು. ಹೊರಗೆ ಬಂದು ನೋಡಿದರೆ ಕಿಟಕಿಯಿಂದ ಹಗ್ಗದಲ್ಲಿ ಒಂದು ಬುಟ್ಟಿ ಇಳಿಯುತ್ತಿದೆ. ಒಳಗೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಂದು ಬನ್ನು. ಅಕ್ಕನ ಮೂವತ್ತೊಂದನೆಯದು.

“ಮೊದಲು ಅದನ್ನ ತಿನ್ನು. ಬುಟ್ಟಿ ವಾಪಸ್ ಕಳಿಸ್ಬೇಡ, ನಿನ್ನ ಕೈ ತಾಗಿರುತ್ತೆ, ತೊಳೆದೇ ಮೇಲೆ ಬರಬೇಕು.”

ಒಳಗೆ ಹೋಗಿ ಮೊಣಕೈವರೆಗೆ ಕೈ ತೊಳೆದು ಬಂದು ಬನ್ನು ತೆಗೆದುಕೊಂಡೆ. ತಿನ್ನುವವನು ನಾನು, ಯಾಕೆ ತೊಳೆದೆನೋ ಗೊತ್ತಿಲ್ಲ. ಎರಡು ಹೋಳು ಮಾಡಿದೆ. ಗೋಧಿಯ ಬನ್ನಿನ ಹಾಗೆ ಎಳೆ ಜಗ್ಗಲಿಲ್ಲ, ಅದರ ದಾರಿ ಬೇರೆ, ಮೆತ್ತಗೆ ಬಿಟ್ಟುಕೊಂಡಿತು. ಮೂಗಿನ ಹತ್ತಿರ ಹಿಡಿದೆ. ಹುರಿದ ಜೋಳದ ವಾಸನೆ, ಅದರ ಹಿಂದೆ ಬೆಣ್ಣೆ.

ಮೇಲೆ ನೋಡಿದೆ. ಅಕ್ಕ ಕಿಟಕಿ ಕಟ್ಟೆಗೆ ಎರಡೂ ಮೊಣಕೈ ಊರಿ, ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮೂವತ್ತನಾಲ್ಕು ವರ್ಷ ದಿನಾ ಬೆಳಿಗ್ಗೆ ನಾನು ಅವಳ ಮುಂದೆ ಹಾಗೆಯೇ ನಿಂತಿರುತ್ತಿದ್ದೆ. ಹೊರಗಿನಿಂದ ನೋಡಿದರೆ ಹೀಗೆ ಕಾಣುತ್ತಿದ್ದೆನೇ?

ಕಚ್ಚಿದೆ. ನಿಧಾನವಾಗಿ ಅಗಿದು ನುಂಗಿದೆ.

“ಹ್ಞೂಂ” ಎಂದೆ.

“ಕೇಳಿಸ್ಲಿಲ್ಲ ಕಣೋ, ಜೋರಾಗಿ ಹೇಳು!”

ಇಡೀ ಬೀದಿಗೆ ಕೇಳುವಂತೆ ಹೇಳಿ ಶಟರ್ ಎತ್ತಿದೆ.